ನಿಮ್ಮನ್ನು ಕೇಳಿಕೊಂಡು ಒಬ್ಬರು ಬಂದಿದ್ದರು

ಮಾರ್ಚ್ ೪, ಸೋಮವಾರ

ಬೆಳಗ್ಗೆ ಕಚೇರಿಗೆ ಬಂದು ನಾನು ಮೊದಲು ಮಾಡುವುದು ಜರಡಿಯಲ್ಲಿ ಉಳಿದದ್ದನ್ನು ನೋಡುವ ಕೆಲಸ. ನಮಗೆ ಬರುವ ಇಮೇಲ್‌ಗಳನ್ನೆಲ್ಲ ಒಂದು ತಂತ್ರಾಂಶ ಸೋಸುತ್ತದೆ. ಯಾವುದರ ಮೇಲೆ ಅದಕ್ಕೆ ಅನುಮಾನ ಬರುತ್ತದೋ ಅದನ್ನು ಹಿಡಿದು ಪಕ್ಕದಲ್ಲಿ ಕೂರಿಸುತ್ತದೆ. ಹಾಗೆ ಕೂತವರನ್ನು ಒಬ್ಬೊಬ್ಬರಾಗಿ ವಿಚಾರಿಸಿ, ತಪ್ಪಿಲ್ಲದವರನ್ನು ಒಳಗೆ ಬಿಟ್ಟು, ಉಳಿದವರನ್ನು ಅಳಿಸಬೇಕು. ಇವತ್ತು ಎಂದಿನ ಮಂದಿಯೇ ಇದ್ದರು. ಕೂದಲು ಬೆಳೆಸುವವರು, ಸತ್ತ ಶ್ರೀಮಂತರ ವಕೀಲರು, ಕೂತಲ್ಲೇ ಗಳಿಸಿ ಎನ್ನುವವರು. ಒಬ್ಬ ಮಾತ್ರ "ಹೇಗಿದ್ದೀಯ? ಬಹಳ ದಿನದಿಂದ ಸುದ್ದಿಯೇ ಇಲ್ಲ" ಎಂದಷ್ಟೇ ಬರೆದಿದ್ದ. ಕಳೆದ ವಾರದಿಂದ ನನ್ನನ್ನು ಹೇಗಿದ್ದೀಯ ಎಂದು ಕೇಳಿದವನು ಇವನೊಬ್ಬನೇ ಎಂದು ಹೊಳೆದು ನಗು ಬಂತು. ಅಳಿಸಿದೆ.

ಅವರ ನಡುವೆ ಆಸ್ಪತ್ರೆಯವರೂ ಕೂತಿದ್ದರು, ಶುಕ್ರವಾರದಿಂದ. ಎಂಥ ಅಸಡ್ಡೆಯ ಜನ, ಒಂದು ಉತ್ತರ ಬರೆಯಲಾರರೇ ಎಂದು ನಾನು ಎರಡು ದಿನ ಮನಸ್ಸಿನಲ್ಲೇ ಬೈಯುತ್ತಿದ್ದಾಗ ಅವರು ನನ್ನದೇ ಬಾಗಿಲ ಹೊರಗೆ ಕಾಯುತ್ತಿದ್ದರು. ಯಾಕೆ ಹಿಡಿಯಿತು ಎಂದು ನೋಡಿದರೆ ಕಾರಣದ ಜಾಗದಲ್ಲಿ 'ಗರ್ಭಕೋಶ' ಎಂದಿತ್ತು. ಅಶ್ಲೀಲ ಜಾಹೀರಾತುಗಳ ಕಾಟ ಹೆಚ್ಚಾದಾಗ ದೇಹದ ಒಂದಷ್ಟು ಭಾಗಗಳ ಹೆಸರನ್ನು ತಡೆಯುವ ಪದಗಳ ಜೊತೆ ಸೇರಿಸಿದವಳು ನಾನೇ. ನನ್ನ ಒಳಗಿನದನ್ನೇ ನಾನು ಹೊರಗೆ ನಿಲ್ಲಿಸಿದ್ದೆ.

ಈ ತಿಂಗಳ ೨೮, ಗುರುವಾರ. ಸಣ್ಣ ಗಡ್ಡೆ, ಅರಿವಳಿಕೆ ಕೊಟ್ಟು ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ಬೆಳಗ್ಗೆ ಹೋದರೆ ಸಂಜೆಗೆ ಮನೆ. ಎಲ್ಲ ಸರಿ. ಕೊನೆಯ ಸಾಲು ಮಾತ್ರ ದಪ್ಪ ಅಕ್ಷರದಲ್ಲಿದೆ: ಜೊತೆಯಲ್ಲಿ ವಯಸ್ಕರೊಬ್ಬರು ಬಂದು ಸಂಜೆಯವರೆಗೆ ಇರತಕ್ಕದ್ದು, ಇಲ್ಲವಾದರೆ ಶಸ್ತ್ರಚಿಕಿತ್ಸೆ ನಡೆಸಲಾಗುವುದಿಲ್ಲ.

ಆಸ್ಪತ್ರೆಯ ವಿಳಾಸವನ್ನು ನಂಬಬಹುದಾದವರ ಸಾಲಿಗೆ ಸೇರಿಸಿದೆ. ಆ ಸಾಲು ಬಹಳ ಚಿಕ್ಕದಿದೆ.

ಮಾರ್ಚ್ ೬, ಬುಧವಾರ

ಮ್ಯಾನೇಜರ್ ಕರೆದು, "ಈ ತಿಂಗಳ ಗಾಳ ಇನ್ನೂ ಹಾಕಿಲ್ವಲ್ಲ ಮೇಡಂ" ಎಂದರು.

ನಾವು ತೂಕದ ಯಂತ್ರಗಳನ್ನು ಮಾಡುವವರು. ಸಾಹಿತ್ಯದಲ್ಲಿ ಎಂ.ಎ. ಮಾಡಿದ ನನ್ನನ್ನು ಇಲ್ಲಿ ತೆಗೆದುಕೊಂಡದ್ದು ಯಂತ್ರಗಳ ಕೈಪಿಡಿ ಬರೆಯಲಿಕ್ಕೆ. ಹೋದ ವರ್ಷ ಯಾರೋ ಒಬ್ಬರು ಸುಳ್ಳು ಇಮೇಲ್‌ನ ಲಿಂಕ್ ಒತ್ತಿದರು. ಕಚೇರಿಯ ಕಡತಗಳಿಗೆಲ್ಲ ಬೀಗ ಬಿತ್ತು, ಹದಿನೈದು ದಿನ ತೂಕದ ಒಂದು ಪ್ರಮಾಣಪತ್ರವೂ ಹೊರಗೆ ಹೋಗಲಿಲ್ಲ. ಆಮೇಲೆ ಬಂದದ್ದು ಈ ಏರ್ಪಾಡು. ತಿಂಗಳಿಗೊಮ್ಮೆ ನಮ್ಮವರಿಗೆ ನಾವೇ ಒಂದು ಸುಳ್ಳು ಪತ್ರ ಕಳಿಸಿ, ಯಾರು ಒತ್ತುತ್ತಾರೆ ನೋಡಬೇಕು. "ನೀವು ಚೆನ್ನಾಗಿ ಬರೀತೀರಲ್ಲ" ಎಂದು ಆ ಕೆಲಸ ನನ್ನ ಪಾಲಿಗೆ ಬಂತು. ಒತ್ತಿದವರು ನನ್ನೆದುರು ಕೂತು ತರಬೇತಿ ಪಡೆಯಬೇಕು. ಒತ್ತದೆ 'ಅನುಮಾನಾಸ್ಪದ' ಎಂಬ ಕೆಂಪು ಗುಂಡಿ ಅದುಮಿದವರಿಗೆ ಶಹಭಾಸ್.

ನಿಜ ಹೇಳಬೇಕೆಂದರೆ ನಾನು ಚೆನ್ನಾಗಿಯೇ ಬರೆಯುತ್ತೇನೆ. ಪಾಸ್‌ವರ್ಡ್ ಮುಗಿದಿದೆ, ಬಹುಮಾನ ಬಂದಿದೆ ಎಂಬಂಥ ಒರಟು ಗಾಳಗಳಿಗೆ ಈಗ ಯಾರೂ ಸಿಕ್ಕುವುದಿಲ್ಲ. ಒಳ್ಳೆಯ ಗಾಳ ಒಳ್ಳೆಯ ಕವಿತೆಯ ಹಾಗೆ ಕಡಿಮೆ ಮಾತಾಡಬೇಕು. ಓದಿದವನ ಮನಸ್ಸಿನಲ್ಲಿ ಮೊದಲೇ ಅರ್ಧ ತೆರೆದಿರುವ ಬಾಗಿಲನ್ನು ಬೆರಳ ತುದಿಯಿಂದ ತಳ್ಳಿದರೆ ಸಾಕು.

ಊಟದ ಕೋಣೆಯಲ್ಲಿ ನಾನು ಕೂತ ಮೇಜಿನ ಮಾತು ನಿಂತುಹೋಗುವುದು ಈಗ ರೂಢಿಯಾಗಿದೆ. ಲೆಕ್ಕದ ವಿಭಾಗದವರೊಬ್ಬರು ಇವತ್ತು ಡಬ್ಬಿ ಮುಚ್ಚುತ್ತ, "ಎಲ್ರೂ ಹುಷಾರಪ್ಪ, ಗಾಳದಮ್ಮ ಬಂದ್ರು" ಎಂದರು. ನಾನೂ ನಕ್ಕೆ. ಆಮೇಲೆ ಪುಸ್ತಕ ಬಿಚ್ಚಿಕೊಂಡು ಕೂತೆ. ಪುಟ ಮಾತ್ರ ತಿರುಗಿಸಲಿಲ್ಲ.

ಮಾರ್ಚ್ ೮, ಶುಕ್ರವಾರ

ಬರೆದದ್ದು ಇಷ್ಟೇ: "ನಿನ್ನೆ ನೀವು ಸೀಟಿನಲ್ಲಿ ಇಲ್ಲದಾಗ ನಿಮ್ಮನ್ನು ಕೇಳಿಕೊಂಡು ಒಬ್ಬರು ಬಂದಿದ್ದರು. ಸ್ವಲ್ಪ ಹೊತ್ತು ಕಾದು ಹೋದರು. ಬಿಟ್ಟುಹೋದ ಚೀಟಿ ಇಲ್ಲಿದೆ."

ಹತ್ತು ಗಂಟೆಗೆ ಕಳಿಸಿದೆ. ಚಹಾದ ಹೊತ್ತಿಗೆ ಕಚೇರಿಯ ಮುಕ್ಕಾಲು ಪಾಲು ಒತ್ತಿಯಾಗಿತ್ತು. ಮ್ಯಾನೇಜರ್ ಕೂಡ. ಅವರು ಫೋನಿನಲ್ಲಿ, "ನಿಮ್ಮ ತಲೆ ಅಂದ್ರೆ ತಲೆ ಮೇಡಂ" ಎಂದರು, ಆದರೆ ದನಿಯಲ್ಲಿ ಸಂತೋಷವಿರಲಿಲ್ಲ. ಒತ್ತಿದವರ ಪರದೆಯ ಮೇಲೆ ನಾನೇ ಬರೆದ ಎಚ್ಚರಿಕೆ ತೆರೆದುಕೊಳ್ಳುತ್ತದೆ: 'ಇದು ಪರೀಕ್ಷೆ. ಅನುಮಾನ ಬಂದರೆ ಒತ್ತಬೇಡಿ. ಎದ್ದು ಹೋಗಿ, ಕಳಿಸಿದವರನ್ನೇ ಕೇಳಿ.' ಇದೇ ಮಾತು ಮೆಟ್ಟಿಲ ಪಕ್ಕದ ಗೋಡೆಯ ಮೇಲೂ ಇದೆ. ಇಷ್ಟು ತಿಂಗಳಲ್ಲಿ ಎದ್ದು ಬಂದು ಕೇಳಿದವರು ಯಾರೂ ಇಲ್ಲ. ಕೆಂಪು ಗುಂಡಿ ಕೈಗೆ ಹತ್ತಿರ.

ಮಧ್ಯಾಹ್ನ, ಕಚೇರಿಯಲ್ಲಿ 'ಇಕ್ಕಳ' ಎಂದೇ ಎಲ್ಲರೂ ಕರೆಯುವ ಆಕೆ ಮೇಲೆ ಬಂದರು. ಕೆಳಗಿನ ತೂಕ ಪರೀಕ್ಷೆಯ ಕೋಣೆ ಆಕೆಯದು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತೂಕದ ಮಾದರಿ ಬಟ್ಟುಗಳಿವೆ. ಅವನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಅಂಟಿ ತೂಕ ಬದಲಾಗುತ್ತದೆ ಎಂದು ಆಕೆ ಎಲ್ಲವನ್ನೂ ಇಕ್ಕಳದಿಂದಲೇ ಎತ್ತಿಡುವುದು. ಹೆಸರು ಹಾಗೆ ಬಂತು. ನನ್ನದೇ ವಯಸ್ಸಿರಬಹುದು, ಮಾತು ಕಡಿಮೆ, ಇದ್ದದ್ದೂ ಚುರುಕು. ಬಿಳಿ ಕೈಗವಸುಗಳನ್ನೂ ಕಳಚದೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ಹಾಗಾದ್ರೆ ಯಾರೂ ಬಂದಿರ್ಲಿಲ್ವಾ?"

"ಇಲ್ಲ. ಅದು ಪರೀಕ್ಷೆ."

"ಅದು ಗೊತ್ತಾಯ್ತು. ನಿಜವಾಗ್ಲೂ ಯಾರಾದ್ರೂ ಬಂದಿದ್ದು, ಅದನ್ನ ನೋಡಿ ನೀವು ಹಾಗೆ ಬರೆದ್ರೋ ಏನೋ ಅಂತ."

"ಇಲ್ಲ, ಯಾರೂ ಬಂದಿರಲಿಲ್ಲ."

"ಸರಿ."

ಹೋದರು. ತರಬೇತಿಗೆ ಆಕೆಯ ಹೆಸರು ಬರೆದುಕೊಂಡೆ. ಫಲಿತಾಂಶದ ದೃಷ್ಟಿಯಿಂದ ಇದು ನನ್ನ ಅತ್ಯುತ್ತಮ ಬರವಣಿಗೆ.

ಮಾರ್ಚ್ ೧೦, ಭಾನುವಾರ

ಅಕ್ಕ ಫೋನ್ ಮಾಡಿದ್ದಳು. ಅವಳಿರುವುದು ಒಂದು ಹಗಲು ಒಂದು ರಾತ್ರಿಯ ಪ್ರಯಾಣದ ದೂರದಲ್ಲಿ. ಅವಳ ಮಂಡಿ ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಜೊತೆಗೆ ಹಾಸಿಗೆ ಹಿಡಿದ ಅತ್ತೆ.

"ನಾನೇ ಬಂದುಬಿಡ್ತೀನಿ ಕಣೇ. ಇವರಿಗೆ ಹೇಳಿ ಎರಡು ದಿನ ಅತ್ತೆನ ನೋಡ್ಕೊಳ್ಳಿ ಅಂತೀನಿ."

"ನೀನು ಬಂದ್ರೆ ನಿನ್ನನ್ನ ಮೆಟ್ಟಿಲು ಹತ್ತಿಸೋಕೆ ಇನ್ನಿಬ್ಬರು ಬೇಕು."

"ಮತ್ತೆ ಯಾರೇ ಬರ್ತಾರೆ ನಿನ್ ಜೊತೆ?"

"ಆಫೀಸಿನವರು ಒಬ್ಬರು ಬರ್ತಾರೆ."

"ಯಾರು?"

"ಇದಾರೆ ಒಬ್ಬರು."

"ಹೆಸರಿಲ್ವಾ ಅವರಿಗೆ?"

ನೀರಿನ ಟ್ಯಾಂಕ್ ತುಂಬಿ ಹರಿಯುತ್ತಿದೆ ಎಂದು ಹೇಳಿ ಫೋನ್ ಇಟ್ಟೆ. ಟ್ಯಾಂಕ್ ಖಾಲಿಯೇ ಇತ್ತು. ಅಕ್ಕನಿಗೆ ಗಾಳ ಹಾಕುವುದು ಬಹಳ ಸುಲಭ, ಅವಳು ನನ್ನದೆಲ್ಲವನ್ನೂ ನಂಬುತ್ತಾಳೆ.

ಸಂಜೆ ಬಾಲ್ಕನಿಯಲ್ಲಿ ಕೂತೆ. ಎದುರು ಮನೆಯ ದೀಪಗಳು ಒಂದೊಂದಾಗಿ ಹತ್ತಿದವು. ಅಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಮೂರನೇ ಸಲ ಕರೆದ ಮೇಲೆ ದನಿ ಸಿಟ್ಟಾಯಿತು. ಆ ಸಿಟ್ಟಿನ ಮೇಲೆ ನನಗೆ ಆಸೆಯಾಯಿತು.

ಮಾರ್ಚ್ ೧೩, ಬುಧವಾರ

ಆಸ್ಪತ್ರೆಗೆ ಫೋನ್ ಮಾಡಿ ನರ್ಸ್ ಒಬ್ಬರನ್ನು ವಿಚಾರಿಸಿದೆ. ಟ್ಯಾಕ್ಸಿಯವನನ್ನು ಸಂಜೆಯವರೆಗೆ ನಿಲ್ಲಿಸಿಕೊಂಡರೆ ಆಗುತ್ತದೆಯೇ?

"ಟ್ಯಾಕ್ಸಿ ಯಾಕಮ್ಮ? ಜನ ಬೇಕು."

"ಟ್ಯಾಕ್ಸಿ ಓಡಿಸುವವನೂ ಜನವೇ ಅಲ್ಲವೇ?"

"ನಿಮಗೆ ಎಚ್ಚರ ಆದಾಗ ನೀವು ಅವನ ಮುಖ ನೋಡಬೇಕು, ಅವನು ನಿಮ್ಮ ಮುಖ ನೋಡಬೇಕು. ಆಗುತ್ತಾ?"

ಆಗುವುದಿಲ್ಲ ಎಂದೆ. ದಿನ ಮುಂದಕ್ಕೆ ಹಾಕಬಹುದೇ ಎಂದು ಕೇಳಿದೆ. ಹಾಕಬಹುದು, ಆದರೆ ಡಾಕ್ಟರು ತಡ ಮಾಡಬೇಡಿ ಎಂದು ಬರೆದಿದ್ದಾರೆ, ತುಂಡು ಪರೀಕ್ಷೆಗೆ ಹೋಗಬೇಕಲ್ಲ, ಎಂದರು. 'ತುಂಡು' ಎನ್ನುವಾಗ ದನಿ ತಗ್ಗಿತು. ಇಲ್ಲಿಯವರೆಗೆ ಗಡ್ಡೆಗಿಂತ ಜೊತೆಯ ಚಿಂತೆಯೇ ನನಗೆ ದೊಡ್ಡದಾಗಿತ್ತು. ಆ ತಗ್ಗಿದ ದನಿ ಕೇಳಿದ ಮೇಲೆ ಎರಡೂ ಸಮವಾದವು.

ವಾರಕ್ಕೊಮ್ಮೆ ಬರುವ ಕಂಪ್ಯೂಟರಿನವನು ಇವತ್ತು ಬಂದಿದ್ದ. ನನ್ನ ಯಂತ್ರದಿಂದ ಪತ್ರಗಳು ಹೊರಗೆ ಹೋಗದೆ ಆಗಾಗ ಸಿಕ್ಕಿಕೊಳ್ಳುತ್ತವೆ ಎಂದೆ.

"ಆಫ್ ಮಾಡಿ ಆನ್ ಮಾಡಿದ್ರಾ ಮೇಡಂ?"

"ಮಾಡಿದೆ."

"ಮತ್ತೊಂದ್ಸಲ ಮಾಡಿ. ಅದಕ್ಕೂ ಬೇಜಾರು ಇರುತ್ತೆ."

ಅವನು ಬಂದಾಗ ಎಲ್ಲ ಸರಿಯಾಗಿ ನಡೆಯಿತು. ಅವನು ಮೆಟ್ಟಿಲಿಳಿದು ಹೋದ ಮೇಲೆ ಮತ್ತೆ ಸಿಕ್ಕಿಕೊಂಡಿತು. ಅವನನ್ನು ಕರೆಯಲಿಲ್ಲ.

ಮಾರ್ಚ್ ೧೯, ಮಂಗಳವಾರ

ವಿದ್ಯುತ್ ಬಿಲ್ ಕಟ್ಟಲು ಹೋದರೆ ಪರದೆ 'ನಾನು ಯಂತ್ರವಲ್ಲ' ಎಂಬಲ್ಲಿ ಗುರುತು ಹಾಕಿ ಎಂದಿತು. ಹಾಕಿದೆ. ನಂಬಲಿಲ್ಲ. ಮೆಟ್ಟಿಲುಗಳಿರುವ ಚಿತ್ರಗಳನ್ನು ಆರಿಸಿ ಎಂದಿತು.

ಮಾರ್ಚ್ ೨೨, ಶುಕ್ರವಾರ

ಇವತ್ತು ಕೇಳಿಯೇಬಿಡಬೇಕೆಂದು ಹೋಗಿದ್ದೆ. ಬೆಳಗ್ಗೆ ಸ್ನಾನ ಮಾಡುವಾಗ ಮಾತನ್ನು ಹೊಂದಿಸಿಕೊಂಡಿದ್ದೆ: ಗುರುವಾರ ನಿಮಗೆ ಬಿಡುವಿದೆಯೇ, ನನಗೊಂದು ಉಪಕಾರವಾಗಬೇಕಿತ್ತು. ಒಂದು ವಾಕ್ಯ, ಅಷ್ಟೇ. ಊಟದ ಕೋಣೆಯಲ್ಲಿ ಲೆಕ್ಕದವರ ಎದುರು ಕೂತು, "ಗುರುವಾರ ನಿಮಗೆ..." ಎಂದು ಶುರುಮಾಡಿದೆ.

ಅವರು ಎರಡೂ ಕೈ ಎತ್ತಿದರು. "ಮೇಡಂ, ನಾನು ಒತ್ತಲ್ಲ."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಸುಮ್ಮನೆ ಮಧ್ಯಾಹ್ನದ ನಗು. ನಾನೂ ಸೇರಿಕೊಂಡೆ. ಆಮೇಲೆ ಅವರೇ, "ಗುರುವಾರ ಏನು, ಹೇಳಿ" ಎಂದರು. ಆ ಹೊತ್ತಿಗೆ ವಾಕ್ಯ ಒಳಗೆ ಹೋಗಿಬಿಟ್ಟಿತ್ತು. "ಗುರುವಾರ ಸರ್ವರ್ ಸ್ವಲ್ಪ ಹೊತ್ತು ನಿಲ್ಲಿಸ್ತೀವಿ" ಎಂದೆ. ಈಗ ಗುರುವಾರ ಸರ್ವರ್ ನಿಲ್ಲಿಸಲು ಯಾರಿಗಾದರೂ ಹೇಳಬೇಕು.

ಬಾಯಲ್ಲಿ ಕೇಳುವುದಕ್ಕೆ ನನಗೆ ಬರುವುದಿಲ್ಲ. ಬರೆಯಲು ಬರುತ್ತದೆ.

ಮಾರ್ಚ್ ೨೪, ಭಾನುವಾರ

ಬರೆದೆ. ಅರ್ಧ ದಿನ ಹಿಡಿಯಿತು. ಮೊದಲ ಕರಡು ನಾಚಿಕೆಗೇಡು, ಕ್ಷಮೆಯೇ ಮೂರು ಸಲ ಬಂದಿತ್ತು. ಎರಡನೆಯದರಲ್ಲಿ ತಮಾಷೆ ಮಾಡಿದ್ದೆ. ಕೊನೆಗೆ ಅಲಂಕಾರವೆಲ್ಲ ತೆಗೆದು ಹೀಗೆ ಬರೆದೆ:

"ಗುರುವಾರ ನನಗೊಂದು ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಜೊತೆಗೆ ಒಬ್ಬರು ಇರಲೇಬೇಕಂತೆ, ಬೆಳಗ್ಗೆಯಿಂದ ಸಂಜೆಯವರೆಗೆ. ನನಗೆ ಈ ಊರಿನಲ್ಲಿ ಯಾರೂ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಸಾಧ್ಯವಾದರೆ ಬುಧವಾರ ಮಧ್ಯಾಹ್ನದೊಳಗೆ ತಿಳಿಸಿ. ಆಸ್ಪತ್ರೆಗೆ ಬರುವ ದಾರಿ ಈ ಲಿಂಕ್‌ನಲ್ಲಿದೆ."

ಮನೆಗೆ ತಂದಿದ್ದ ಯಂತ್ರದಲ್ಲಿ ಕಚೇರಿಯ ಇಮೇಲ್‌ನಿಂದ ಕಳಿಸಲು ನೋಡಿದೆ, ಸಿಕ್ಕಿಕೊಂಡಿತು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಸಿಕ್ಕಿಕೊಂಡಿತು. ನಾಳೆಗೆ ಬಿಟ್ಟರೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ನನ್ನ ಸ್ವಂತ ವಿಳಾಸದಿಂದಲೇ ಎಲ್ಲರಿಗೂ ಕಳಿಸಿದೆ. ಈಗ ಹಗುರವಾಗಿದ್ದೇನೆ. ಇಬ್ಬರು ಬರುತ್ತೇನೆಂದರೆ ಯಾರಿಗೆ ಬೇಡವೆನ್ನುವುದು ಎಂದೂ ಯೋಚಿಸಿಟ್ಟಿದ್ದೇನೆ.

ಮಾರ್ಚ್ ೨೫, ಸೋಮವಾರ

ಕೆಂಪು ಗುಂಡಿ ಅದುಮಿದ ಪತ್ರಗಳೆಲ್ಲ ಬಂದು ಬೀಳುವುದು ನನ್ನ ಇಮೇಲ್ ಪೆಟ್ಟಿಗೆಗೇ. ಬೆಳಗ್ಗೆ ತೆರೆದಾಗ ಅದು ತುಂಬಿತ್ತು. ಒಂದರ ಕೆಳಗೆ ಒಂದು, ನನ್ನ ಪತ್ರವೇ. ನನಗೆ ಈ ಊರಿನಲ್ಲಿ ಯಾರೂ ಇಲ್ಲ, ಅನುಮಾನಾಸ್ಪದ. ನನಗೆ ಈ ಊರಿನಲ್ಲಿ ಯಾರೂ ಇಲ್ಲ, ಅನುಮಾನಾಸ್ಪದ. ನೋಡುತ್ತಿದ್ದ ಹಾಗೆಯೇ ಇನ್ನೂ ಬರುತ್ತಿದ್ದವು.

ಪತ್ರದ ತಲೆಯ ಮೇಲೆ ಹಳದಿ ಪಟ್ಟಿಯಿತ್ತು: 'ಎಚ್ಚರಿಕೆ, ಇದು ಹೊರಗಿನಿಂದ ಬಂದದ್ದು. ಕಳಿಸಿದವರು ಸಹೋದ್ಯೋಗಿಯಂತೆ ನಟಿಸುತ್ತಿರಬಹುದು.' ಆ ವಾಕ್ಯವೂ ನನ್ನದೇ. ತರಬೇತಿಯಲ್ಲಿ ನಾನು ಹೇಳಿಕೊಡುವ ಲಕ್ಷಣಗಳನ್ನು ಒಂದೊಂದಾಗಿ ನನ್ನ ಪತ್ರದ ಮೇಲಿಟ್ಟು ನೋಡಿದೆ. ಅಪರಿಚಿತ ವಿಳಾಸ. ಅವಸರ. ಗಡುವು. ಕರುಣೆ ಹುಟ್ಟಿಸುವ ಮಾತು. ಲಿಂಕ್. ಒಂದೂ ತಪ್ಪಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದುಮುತ್ತಿದ್ದೆ.

ಹನ್ನೊಂದಕ್ಕೆ ಮ್ಯಾನೇಜರ್ ಎಲ್ಲರಿಗೂ ಬರೆದರು: ಈ ಬಾರಿ ಒಬ್ಬರೂ ಸಿಕ್ಕಿಬೀಳಲಿಲ್ಲ, ಅಭಿನಂದನೆಗಳು. ಆಮೇಲೆ ನನ್ನ ಮೇಜಿನ ಬಳಿಯೇ ಬಂದರು.

"ಒಂದೇ ತಿಂಗಳಲ್ಲಿ ಎರಡನೇದು! ನಾವು ಎಚ್ಚರ ತಪ್ಪಿರ್ತೀವಿ ಅಂದ್ಕೊಂಡ್ರಿ ಅಲ್ವಾ?"

ಹಿಂದಿನಿಂದ ಲೆಕ್ಕದವರು, "ಆದ್ರೂ ಈ ಸಲ ಕಣ್ಣೀರು ಸ್ವಲ್ಪ ಜಾಸ್ತಿ ಬಿತ್ತು ಮೇಡಂ. 'ಈ ಊರಲ್ಲಿ ಯಾರೂ ಇಲ್ಲ' ಅಂತ ಓದ್ತಿದ್ದ ಹಾಗೇ ಗೊತ್ತಾಯ್ತು."

"ಹೌದು," ಎಂದೆ. "ಸ್ವಲ್ಪ ಜಾಸ್ತಿಯಾಯಿತು."

ಆಗ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರ ಮುಖದ ತುಂಬ ಗೆದ್ದ ಸಂತೋಷವಿತ್ತು, ಅದನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ ಎಂದು ಬರೆದರೆ ದೊಡ್ಡತನವಾದೀತು. ನಾಚಿಕೆಯಾಯಿತು, ಅಷ್ಟೇ.

ಮಾರ್ಚ್ ೨೬, ಮಂಗಳವಾರ

ಬೆಳಗಿನ ಅರ್ಧ ಭಾಗ ಸರ್ವರ್ ಇಟ್ಟ ಗೂಡಿನಂಥ ಕೋಣೆಯಲ್ಲಿ ಕಳೆದೆ. ಕೇಬಲ್ಲುಗಳ ಧೂಳು ಒರೆಸಿದೆ. ಯಾರೂ ಹೇಳಿರಲಿಲ್ಲ. ಅಲ್ಲಿ ಪಂಖದ ಸದ್ದು ಒಂದೇ ಸಮ ಇರುತ್ತದೆ, ಮುಖ ಹೇಗಿದ್ದರೂ ನಡೆಯುತ್ತದೆ.

ಮರಳಿ ಬರುವಾಗ ಮೆಟ್ಟಿಲ ಪಕ್ಕ ಕೂರುವ ಲೆಕ್ಕದವರು ತಲೆಯೆತ್ತದೆ ಹೇಳಿದರು: "ಮೇಡಂ, ನೀವಿಲ್ಲದಾಗ ನಿಮ್ಮನ್ನ ಕೇಳಿಕೊಂಡು ಒಬ್ಬರು ಬಂದಿದ್ರು."

ನಾನು ನಿಂತೆ. "ಸ್ವಲ್ಪ ಹೊತ್ತು ಕಾದು ಹೋದರೋ?"

"ಹೂಂ. ಸ್ವಲ್ಪ ಹೊತ್ತು ಕಾದು ಹೋದ್ರು."

"ಚೀಟಿ ಬಿಟ್ಟಿಲ್ಲವೇ?"

"ಚೀಟಿ ಇಲ್ಲ," ಎಂದು ನಕ್ಕರು.

ನನ್ನದೇ ಸಾಲನ್ನು ನನಗೇ ತಿರುಗಿಸಿ ಕೊಟ್ಟಿದ್ದರು. ಚೆನ್ನಾಗಿತ್ತು, ನಾನೂ ಮೆಚ್ಚಿಕೊಂಡೆ ಎನ್ನುವಂತೆ ತಲೆಯಾಡಿಸಿ ಸೀಟಿಗೆ ಬಂದೆ. ಕುರ್ಚಿ ನಾನು ಬಿಟ್ಟುಹೋದ ಕೋನದಲ್ಲಿರಲಿಲ್ಲ, ಸ್ವಲ್ಪ ತಿರುಗಿತ್ತು. ಕಸ ಗುಡಿಸುವವರು ತಿರುಗಿಸಿರಬೇಕು.

ನಾಳೆ ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳುತ್ತೇನೆ. ಅಕ್ಕನಿಗೆ, ಡಾಕ್ಟರೇ ಮುಂದಕ್ಕೆ ಹಾಕಿದರು ಎನ್ನಬಹುದು.

ಮಾರ್ಚ್ ೨೭, ಬುಧವಾರ

ಆಸ್ಪತ್ರೆಯ ನಂಬರ್ ಒತ್ತಲು ಫೋನ್ ಕೈಗೆತ್ತಿಕೊಂಡಿದ್ದೆ. ಇಕ್ಕಳ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಇವತ್ತು ಕೈಗವಸುಗಳಿರಲಿಲ್ಲ.

"ನಿನ್ನೆನೂ ಬಂದಿದ್ದೆ. ನೀವಿರ್ಲಿಲ್ಲ. ಹೇಳಿ ಹೋಗಿದ್ದೆ."

"ಹೇಳಿದರು. ನಾನು ನಂಬಲಿಲ್ಲ."

"ಯಾಕೆ?"

ಯಾಕೆಂದು ನಾನು ಹೇಳಬೇಕಾಗಲಿಲ್ಲ. ಆಕೆಯ ತುಟಿಯ ಒಂದು ಕಡೆ ಸ್ವಲ್ಪ ಮೇಲಕ್ಕೆ ಹೋಯಿತು. "ನನ್ನ ಕೋಣೇಲಿ ಕಂಪ್ಯೂಟರ್ ಇಲ್ಲ. ಮೇಲ್ ನೋಡೋದು ಪುರುಸೊತ್ತಾದಾಗ. ನಿನ್ನೆ ನೋಡಿದೆ. ಅನುಮಾನ ಬಂತು. ಅನುಮಾನ ಬಂದ್ರೆ ಒತ್ತಬೇಡಿ, ಎದ್ದು ಹೋಗಿ ಕೇಳಿ ಅಂತ ಗೋಡೆ ಮೇಲೆ ಇದೆಯಲ್ಲ, ಅದಕ್ಕೆ ಬಂದೆ. ನಿಜಾನಾ?"

ಈ ಪ್ರಶ್ನೆಗೆ ನಾನು ಸಿದ್ಧವಾಗಿರಲಿಲ್ಲ. ಇಲ್ಲ, ಪರೀಕ್ಷೆ, ನೀವು ಗೆದ್ದಿರಿ ಎನ್ನುವುದು ಅಭ್ಯಾಸವಾಗಿತ್ತು, ಆ ಮಾತು ತಾನೇ ಮುಂದೆ ಬಂದು ನಿಂತಿತು. ಕೈಯಲ್ಲಿದ್ದ ಫೋನ್ ಕೆಳಗಿಟ್ಟೆ.

"ನಿಜ," ಎಂದೆ.

"ಹೋದ್ಸಲನೂ ನಿಜದ ಥರನೇ ಇತ್ತು."

"ಹೌದು."

"ಹಾಗಾಗಿ ನೀವು ಹೇಳಿದ್ರೂ ನಂಬಲ್ಲ. ಎರಡನೇ ದಾರಿಯಿಂದ ಖಾತ್ರಿ ಮಾಡ್ಕೊಳ್ಳಿ ಅಂತ ತರಬೇತೀಲಿ ಹೇಳಿದ್ರಲ್ಲ. ಯಾವ ಆಸ್ಪತ್ರೆ? ನಂಬರ್ ನೀವು ಕೊಡ್ಬೇಡಿ, ನಾನೇ ಹುಡುಕ್ತೀನಿ."

ತನ್ನ ಫೋನಿನಲ್ಲಿ ಹುಡುಕಿ, ಎಲ್ಲರಿಗೂ ಕೇಳಿಸುವಂತೆ ಹಾಕಿ, ಮೇಜಿನ ಮೇಲಿಟ್ಟಳು. ಅದೇ ನರ್ಸ್. ನಾಳೆ ಇಂಥವರಿಗೆ ಶಸ್ತ್ರಚಿಕಿತ್ಸೆ ಇದೆಯಾ ಎಂದು ಕೇಳಿದರೆ, "ರೋಗಿಗಳ ವಿಷಯ ಹೊರಗಿನವರಿಗೆ ಹೇಳೋಕಾಗಲ್ಲ" ಎಂದರು. ಸರಿಯಾದ ಉತ್ತರ. ಇಕ್ಕಳ ಫೋನನ್ನು ನನ್ನ ಕಡೆ ತಳ್ಳಿದಳು. ನಾನು ಬಗ್ಗಿ, "ನಾನು, ನಾಳೆ ಬೆಳಗ್ಗೆಯವಳು..." ಎಂದೆ.

"ಓ, ಟ್ಯಾಕ್ಸಿಯಮ್ಮ! ಯಾರಾದ್ರೂ ಸಿಕ್ಕಿದ್ರಾ?"

ಲೆಕ್ಕದವರು ಬರೆಯುವುದನ್ನು ನಿಲ್ಲಿಸಿದ್ದು ನನಗೆ ಬೆನ್ನಿನಿಂದಲೇ ಗೊತ್ತಾಯಿತು.

"ಸಿಕ್ಕಿದ್ದಾರೆ," ಎಂದು ಇಕ್ಕಳ ಫೋನಿಗೆ ಹೇಳಿ, ಅದನ್ನು ಮುಚ್ಚಿ, ಎದ್ದಳು. "ಎಷ್ಟು ಗಂಟೆಗೆ?"

"ಏಳಕ್ಕೆ ಅಲ್ಲಿರಬೇಕು."

"ಆರೂವರೆಗೆ ನಿಮ್ಮ ಮನೆ ಕೆಳಗಿರ್ತೀನಿ. ಟ್ಯಾಕ್ಸೀಲೇ ಬರ್ತೀನಿ, ನಿಮಗಿಷ್ಟ ಅಂತ ಕಾಣುತ್ತೆ."

ಅವಳು ಇಳಿದುಹೋದಳು. ಸ್ವಲ್ಪ ಹೊತ್ತಿನ ಬಳಿಕ ಲೆಕ್ಕದವರು ಬಂದು ಮೇಜಿನ ಮೇಲೆ ಚಹಾ ಇಟ್ಟರು. ಏನೋ ಹೇಳಬೇಕೆಂದು ನಿಂತು, "ಸಕ್ಕರೆ ಹಾಕಿದೀನಿ" ಎಂದಷ್ಟೇ ಹೇಳಿ ಹೋದರು. ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ. ಪೂರ್ತಿ ಕುಡಿದೆ.

ಮಾರ್ಚ್ ೨೯, ಶುಕ್ರವಾರ

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಇಳಿಜಾರು.

ನೋವು ಹೇಳಿಕೊಳ್ಳುವಂಥದ್ದಲ್ಲ. ಪರೀಕ್ಷೆಯ ಉತ್ತರ ಮುಂದಿನ ವಾರದ ಕೊನೆಗೆ.

ನಿನ್ನೆ ನರ್ಸ್ ನನ್ನ ಕಾಗದ ತುಂಬುವಾಗ ಇಕ್ಕಳ ನಿಂತಿದ್ದ ಕಡೆ ತಿರುಗಿ ಕೇಳಿದರು: "ನೀವು ಇವರಿಗೆ ಏನಾಗಬೇಕು?"

"ಒಂದೇ ಕಟ್ಟಡ."

"ಅಂದ್ರೆ ನೆರೆಮನೆಯವರಾ?"

"ಇವರು ಮೇಲೆ, ನಾನು ಕೆಳಗೆ."

ನರ್ಸ್ ಏನು ಬರೆದುಕೊಂಡರೋ ಕಾಣಲಿಲ್ಲ. ನನ್ನ ಕನ್ನಡಕವನ್ನು ಆಗಲೇ ಇಕ್ಕಳ ಹಿಡಿದುಕೊಂಡಿದ್ದಳು.

ಎಚ್ಚರವಾದಾಗ ಮೊದಲು ಬಂದದ್ದು ಚಾವಣಿ, ಆಮೇಲೆ ಯಾರದೋ ಕೈ. ನನ್ನ ಅಂಗೈ ಕೆಳಗೆ ಒಣಗಿದ, ಒರಟಾದ, ಸದಾ ಕೈಗವಸಿನೊಳಗೇ ಇರುವವರ ಕೈ. ಹಿಡಿದಿರಲಿಲ್ಲ, ಸುಮ್ಮನೆ ಕೆಳಗಿಟ್ಟಿದ್ದಳು, ನನ್ನ ಕೈ ಎಷ್ಟು ತೂಗುತ್ತದೆ ಎಂದು ನೋಡುವವಳ ಹಾಗೆ. ಜಿಡ್ಡು ಅಂಟುತ್ತದೆ ಎಂದು ಹೇಳಬೇಕೆನಿಸಿತು. ಹೇಳಿದೆನೋ ಏನೋ, ಅವಳು ನಕ್ಕ ನೆನಪಿದೆ.

ಮಧ್ಯಾಹ್ನ, ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡಳೋ, ಎಚ್ಚರವಿದ್ದೇನೆ ಎಂದೇ ಹೇಳಿದಳೋ ಗೊತ್ತಿಲ್ಲ. ಕಿಟಕಿಯ ಕಡೆ ನೋಡುತ್ತ, "ಅವತ್ತು ಒಬ್ಬರು ಬಂದಿದ್ರು ಅಂತ ಮೇಲ್ ಬಂದಾಗ ನನ್ನ ತಮ್ಮ ಅಂದ್ಕೊಂಡೆ," ಎಂದಳು. "ಮಾತು ಬಿಟ್ಟು ಬಹಳ ವರ್ಷ ಆಯ್ತು. ಇವತ್ತಲ್ಲ ನಾಳೆ ಹೀಗೇ ಬರ್ತಾನೆ, ಹೇಳದೆ ಕೇಳದೆ, ಸ್ವಲ್ಪ ಹೊತ್ತು ಕಾದು ಹೋಗ್ತಾನೆ ಅಂತ ಲೆಕ್ಕ ಹಾಕಿದ್ದೆ. ನೀವು ಅದನ್ನೇ ಬರೆದಿದ್ರಿ."

"ನಾನು ಅದನ್ನ..."

"ಮಾತಾಡ್ಬೇಡಿ. ಒಣಗಿದ ಬಾಯಲ್ಲಿ ಮಾತಾಡಬಾರದಂತೆ."

ಸಂಜೆ ಮನೆಗೆ ತಂದು ಬಿಟ್ಟು, ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನೀರಿನ ಲೋಟವನ್ನು ಹಾಸಿಗೆಯ ಹತ್ತಿರಕ್ಕೆ ಸರಿಸಿ ಹೋದಳು. ಬಾಗಿಲು ಹಾಕಿಕೊಂಡ ಮೇಲೆ ಮನೆ ಎಂದಿಗಿಂತ ದೊಡ್ಡದಾಗಿ ಕಂಡಿತು.

ಅಕ್ಕ ಫೋನ್ ಮಾಡಿ ಮೊದಲು ಕೇಳಿದ್ದು: "ಯಾರೇ ಬಂದಿದ್ರು, ಹೆಸರು ಹೇಳು ಈಗಲಾದ್ರೂ." ಹೇಳಿದೆ.

ಏಪ್ರಿಲ್ ೩, ಬುಧವಾರ

ಇವತ್ತು ಕೆಲಸಕ್ಕೆ ಹೋದೆ. ಲೆಕ್ಕದವರು ಕುರ್ಚಿಗೆ ಒಂದು ದಿಂಬು ಇಟ್ಟಿದ್ದರು. ಯಾರೂ ಆ ಪತ್ರದ ಮಾತೆತ್ತಲಿಲ್ಲ. ಮ್ಯಾನೇಜರ್ ದೂರದಿಂದಲೇ, "ಆರಾಮಾ ಮೇಡಂ?" ಎಂದು ಕೇಳಿ ಮುಖ ತಿರುಗಿಸಿಕೊಂಡರು. ಅವರ ಕಿವಿ ಕೆಂಪಾಗಿತ್ತು. ಎಲ್ಲರ ಮರ್ಯಾದೆಯೂ ಉಳಿಯಲಿ ಎಂದೋ ಏನೋ, ತಿಂಗಳ ವರದಿಯಲ್ಲಿ ಆ ಭಾನುವಾರದ ಪತ್ರವೂ ಪರೀಕ್ಷೆಯೆಂದೇ ಸೇರಲಿ ಎಂದು ಬರೆದು ಕಳಿಸಿದ್ದರು.

ಸೇರಿಸಿದೆ. ತಂತ್ರಾಂಶಕ್ಕೆ ಗೊತ್ತಿರುವುದು ಮೂರೇ ಸಂಗತಿ: ಒತ್ತಿದರು, ದೂರು ಕೊಟ್ಟರು, ಏನೂ ಮಾಡಲಿಲ್ಲ. ಎಲ್ಲರ ಹೆಸರಿನ ಮುಂದೆ ಹಸಿರು ಬಣ್ಣದಲ್ಲಿ 'ದೂರು ಕೊಟ್ಟರು' ಎಂದು ಬಂತು. ಒಂದು ಹೆಸರಿನ ಮುಂದೆ ಮಾತ್ರ ಬೂದು ಬಣ್ಣದಲ್ಲಿ 'ಏನೂ ಮಾಡಲಿಲ್ಲ.' ಅದರ ಪಕ್ಕದಲ್ಲಿ ತಾನಾಗಿಯೇ ಒಂದು ಸೂಚನೆ ಮೂಡಿತು: ಇವರಿಗೆ ಮತ್ತೆ ತರಬೇತಿ ಅಗತ್ಯ.

ಆ ಬೂದು ಅಕ್ಷರಗಳನ್ನು ತಿದ್ದಬಹುದೇ ಎಂದು ಬಹಳ ಹೊತ್ತು ಹುಡುಕಿದೆ. ಆ ಜಾಗ ಬೀಗ ಹಾಕಿದ್ದು, ತಿದ್ದಲು ಬರುವುದಿಲ್ಲ.

ತರಬೇತಿಗೆ ಕರೆಯುವ ಪತ್ರ ಬರೆಯಲು ಕೂತೆ. ದಿನ, ಸಮಯ, ಜಾಗ. ಎರಡು ಸಾಲು ಬರೆದು ಅಳಿಸಿದೆ. ಎದ್ದು ಕೆಳಗೆ ಹೋದೆ. ಮೆಟ್ಟಿಲನ್ನು ನಿಧಾನವಾಗಿ ಇಳಿಯಬೇಕಾಯಿತು.

ಅವಳು ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ, ಉಗುರಿನಷ್ಟು ಚಿಕ್ಕ ಬಟ್ಟೊಂದನ್ನು ಇಕ್ಕಳದಿಂದ ತಕ್ಕಡಿಯ ತಟ್ಟೆಯ ಮೇಲಿಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ನಿಮಗೆ ಇನ್ನೊಂದು ತರಬೇತಿ ಇದೆಯಂತೆ."

"ಮೇಲ್ ಬಂದಿಲ್ವಲ್ಲ."

"ಕಳಿಸಲಿಲ್ಲ."

ಅವಳು ತಿರುಗಲಿಲ್ಲ. "ಹಾಗಿದ್ರೆ ನಿಜಾನೇ ಇರ್ಬೇಕು. ಬಾಗಿಲು ಹಾಕಿ, ಗಾಳಿ ಬರುತ್ತೆ. ಕೂತ್ಕೊಳ್ಳಿ. ಅಂಕಿ ಸುಮ್ಮನಾಗೋವರೆಗೂ ಮಾತಾಡಬಾರದು."

ಕೂತೆ. ತಕ್ಕಡಿಯ ಅಂಕಿಗಳು ಮೇಲೆ ಕೆಳಗೆ ಆಡುತ್ತಿದ್ದವು, ನನ್ನ ಉಸಿರಿನಿಂದಲೇ ಇರಬಹುದು. ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು.